ಮಾಸ್ತರರ ಕಾದಂಬರಿಗೆ ನಾನು ಲೊಚಗುಟ್ಟಿದ್ದು

ನಾನು ಒಂದು ಹಲ್ಲಿ. ಹೇಳುವುದೆಲ್ಲ ಸತ್ಯ. ಬೇರೆಯವರ ಮಾತಿಗೆ ನಾವು ಲೊಚಗುಟ್ಟಿ ಸಾಕ್ಷಿ ಹೇಳುತ್ತೇವೆ; ನನ್ನ ಮಾತಿಗೆ ನಾನೇ ಸಾಕ್ಷಿ. ಲೊಚ್ ಲೊಚ್. ಆಯಿತಲ್ಲ, ಪತಂಗವೇ? ಇನ್ನು ಅಲ್ಲೇ ಕುಳಿತು ಕೇಳು.

ನಾನು ಹುಟ್ಟಿದ್ದು ಗದಗಿನ ಈ ಬಾಡಿಗೆ ಕೋಣೆಯಲ್ಲಿ, ಇದೇ ಗೋಡೆ ಗಡಿಯಾರದ ಹಿಂದೆ. ನನ್ನನ್ನು ನೋಡಿ ಗಡಿಯಾರ ಅಲ್ಲೇ ನಿಂತಿತು. ಮೊದಲಿದ್ದ ಪೊಲೀಸಪ್ಪ ನನ್ನನ್ನು ಕಂಡರೆ ಮಂಚ ಹತ್ತುತ್ತಿದ್ದ. ಆಮೇಲೆ ಬಂದವರು ಚನ್ನಮಲ್ಲ ಮಾಸ್ತರರು. ಕಾದಂಬರಿ ಬರೆಯುವವರು. ಬರೆಯುವವನಿಗೂ ಕೆಲಸವಿಲ್ಲದವನಿಗೂ ಇರುವ ವ್ಯತ್ಯಾಸ ಮೇಲಿಂದ ನೋಡಿದರೆ ಕಾಣುವುದಿಲ್ಲ. ಎರಡೂ ಬೋಳುತಲೆಯೇ.

ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಬರೆದದ್ದನ್ನು ಸಂಜೆ ಗೋಡೆಗೆ ಗಟ್ಟಿಯಾಗಿ ಓದುವರು. ಒಮ್ಮೆ ನಾನು ಲೊಚಗುಟ್ಟಿದೆ. "ಶಿವಶಿವಾ! ಖರೇನ ಬರದೇನಿ" ಎಂದು ನೆಲಕ್ಕೆ ಬೆರಳು ಬಡಿದರು. ಅಂದಿನಿಂದ ಸಾಲುಸಾಲಿಗೂ ತಲೆಯೆತ್ತಿ ಕಾಯುವುದು. ನಾನು ಲೊಚಗುಟ್ಟಿದರೆ ಸಾಲು ಉಳಿಯಿತು. ಇಲ್ಲವಾದರೆ ಹಾಳೆ ಹರಿಯಿತು.

ನಿಜಕ್ಕೂ ನಾನು ಲೊಚಗುಟ್ಟಿ ಬೈಯುತ್ತಿದ್ದದ್ದು ಟ್ಯೂಬ್‌ಲೈಟಿನ ಹಿಂದಿನ ಮೋಟುಬಾಲದ ಹಲ್ಲಿಯನ್ನು. ನನ್ನ ಹುಳ ಕದಿಯುವ ಭಂಡ. ಆ ಬೈಗುಳದ ಮೇಲೆ ಕಾದಂಬರಿ ಬೆಳೆಯಿತು.

ಒಂದು ದಿನ ಮೋಟುಬಾಲದವನು ಕಿಟಕಿ ದಾಟಿ ಹೋದ. ಬೈಯಲು ಯಾರಿದ್ದಾರೆ? ನಾನು ಸುಮ್ಮನಾದೆ. ಮಾಸ್ತರರು ಓದಿದರು, ಕಾದರು, ಹರಿದರು. ಆಮೇಲೆ ಓದುವುದನ್ನೇ ಬಿಟ್ಟರು. ಕಡೆಗೊಂದು ದಿನ "ಹಲ್ಲಿಗೂ ಬ್ಯಾಡಾತು" ಎಂದು ಇಡೀ ಕಾದಂಬರಿಯನ್ನು ಹಗ್ಗದಲ್ಲಿ ಕಟ್ಟಿ ನೀರೊಲೆಗೆ ಹಾಕಲು ಹೊರಟರು.

ಬಾಗಿಲಲ್ಲಿ ಮನೆಯೊಡತಿ ನೀಲವ್ವ. ಮೊಣಕೈವರೆಗೆ ಜೋಳದ ಹಿಟ್ಟು.

"ಏನ್ರಿ ಮಾಸ್ತರ, ಕಾದಂಬರಿಯೊಳಗಿನ ಆ ಹುಡುಗೀನ ಬಾವಿಕಟ್ಟಿ ಮ್ಯಾಲ ಕುಂದ್ರಿಸಿ ಗಪ್ಪಾಗಿಬಿಟ್ರಲ್ಲ! ಜಿಗದ್ಲೋ ಇಲ್ಲೋ?"

"ನಿಮಗ ಹೆಂಗ ಗೊತ್ತಾತ್ರಿ?"

"ನಡುವಿಂದೇನು ಕ್ವಾಟಿ ಗೋಡಿ ಏನ್ರಿ? ರೊಟ್ಟಿ ಬಡಿಯೂದು ಬಿಟ್ಟು ದಿನಾ ಕೇಳ್ತಿದ್ದೆ."

"ಜಿಗೀತಾಳ್ರಿ. ಹಲ್ಲೀನೂ ಹೂಂ ಅಂದಿತ್ತು."

"ಹುಳಾ ತಿನ್ನೂದನ್ನ ಏನ್ ಕೇಳ್ತೀರಿ? ನಿಮ್ಮ ಕತಿಯೊಳಗ ಹೆಂಗಸ್ರೆಲ್ಲಾ ಬಾವಿಗೇ ಬೀಳಬೇಕೇನು? ಹೊಳ್ಳಿ ಮನಿಗೆ ಕಳಸ್ರಿ. ಅತ್ತಿ ಕೂಡ ಜಗಳಾ ಮಾಡ್ಲಿ."

ಮಾಸ್ತರರು ಅಲ್ಲೇ ಕುಳಿತು ಹಗ್ಗ ಬಿಚ್ಚಿದರು.

ಈಗ ಅವರು ನನ್ನ ಕಡೆ ತಲೆಯೆತ್ತುವುದಿಲ್ಲ. ಗೋಡೆಗೆ ಕಿವಿಯಿಟ್ಟು ಓದುತ್ತಾರೆ. ಆಚೆ ರೊಟ್ಟಿ ಬಡಿಯುವ ಸದ್ದು ನಿಂತರೆ ಸಾಲು ಗೆದ್ದಿತು. ಬಡಿತ ಜೋರಾದರೆ ಹಾಳೆ ಹರಿಯಿತು. ಹುಡುಗಿ ಅತ್ತೆಯ ಜೊತೆ ಚೆನ್ನಾಗಿ ಜಗಳಾಡುತ್ತಿದ್ದಾಳೆ. ನನ್ನನ್ನು ಯಾರು ಕೇಳುತ್ತಾರೆ?

ನನಗೇನಂತೆ! ಒಂಟಿತನ ಬರೆಯುವವರ ರೋಗ. ಹಲ್ಲಿಗಳಿಗೆ ಅದೆಲ್ಲ ಬರುವುದಿಲ್ಲ. ವಯಸ್ಸಾಯಿತು, ಓಡಲಾರೆ, ನಿನ್ನನ್ನು ಹಿಡಿಯಲಾರೆ. ಹೆದರಬೇಡ. ಅರೆ, ರೆಕ್ಕೆ ಯಾಕೆ ಬಿಚ್ಚುತ್ತೀ? ಮುಖ್ಯವಾದದ್ದು ಇನ್ನೂ ಹೇಳಿಲ್ಲ. ಆ ಮೋಟುಬಾಲದವನು ಹೋದಮೇಲೆ, ದಿನವೂ ಸಂಜೆ, ನಾನು ಕಿಟಕಿಯ ಹತ್ತಿರ ಹೋಗಿ… ಏ ಪತಂಗವೇ, ಹಾರಿಯೇ ಹೋದೆಯಾ?