ಸೋರುವುದು ನಿಂತಿತ್ತು

ಹುಳಿ ವಾಸನೆ — ಯಾರೋ ಉಪ್ಪಿನಕಾಯಿ ಭರಣಿ ತೆರೆದರೇನೋ, ಲ್ಯಾಬಿನಲ್ಲಿ ಉಣ್ಣಬೇಡ ಎಂದು ಈ ಪರಮೇಶನಿಗೆ ಎಷ್ಟು ಸಲ ಹೇಳುವುದು, ಚಿನ್ಮಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು, ಇಲ್ಲ, ಉಪ್ಪಿನಕಾಯಿಗೆ ಸಾಸಿವೆಯ ಘಾಟಿರುತ್ತದೆ, ಇದು ಬರೀ ವಿನೆಗರ್, ಸತ್ತೂರಿನ ಆಸ್ಪತ್ರೆಯೆದುರಿನ ಗೋಬಿ ಗಾಡಿಯದ್ದು ಮೂಗಿನಲ್ಲೇ ಉಳಿಯಿತೋ ಏನೋ, ಅವ್ವನ ಹಾಸಿಗೆಯ ಪಕ್ಕ ಕೂತು ಕೂತು ತಲೆ ಕೆಟ್ಟಿದೆ, ನಿನ್ನ ತಂತಿ ಡಬ್ಬಿ ಹ್ಯಾಂಗದ ಚಿನ್ನೂ, ಛಲೋ ಅದವ್ವಾ, ಸೋಮವಾರ ತಪಾಸಣಿ ಮಾಡೋರು ನೋಡಲಿಕ್ಕೆ ಬರತಾರ, ಪಾಸಾತಂದ್ರ ದೊಡ್ಡ ಪ್ರಯೋಗಕ್ಕ ಇಂಥಾವು ಮಾಡೋ ಕೆಲಸ ನಮಗ, ಇಲ್ಲಂದ್ರ ಲ್ಯಾಬಿಗೆ ಕೀಲಿ, ಹಂಗ್ಯಾಕಂತಿ, ಪಾಸಾಗತದ — ಅವ್ವನಿಗೆ ಎಲ್ಲವೂ ಪಾಸಾಗುತ್ತದೆ. ತಂತಿ ಪೆಟ್ಟಿಗೆಯ ಮೂಲೆಯಲ್ಲಿ ಏನೋ ಬೆಳ್ಳಗೆ. ಪರದೆಯ ಮೇಲಿನ ಮಿಡಿತಗಳು ಯಾಕೆ ಇಷ್ಟು ಗಿಡ್ಡ, ಹೋದ ವಾರ ಹೇಗೆ ಜಿಗಿಯುತ್ತಿದ್ದವು, ಆಕಾಶದಿಂದ ಒಂದು ಕಣ ಬಂದು ಮಾಳಿಗೆ ತೂರಿ ಪೆಟ್ಟಿಗೆ ತೂರಿ ಹೋಗುವುದು, ಒಳಗಿನ ಗ್ಯಾಸಿನಿಂದ ಎಲೆಕ್ಟ್ರಾನುಗಳನ್ನು ಉದುರಿಸುವುದು, ಅವು ತೇಲುತ್ತ ಹತ್ತಿರದ ತಂತಿಯನ್ನು ಮುಟ್ಟುವುದು, ಎಷ್ಟು ತಡವಾಯಿತೋ ಅಷ್ಟು ದೂರದಲ್ಲಿ ಕಣದ ದಾರಿ, ಅಷ್ಟೇ ಲೆಕ್ಕ, ಅಷ್ಟಕ್ಕೇ ಮೂರು ವರ್ಷ, ಕೂದಲಿಗಿಂತ ತೆಳ್ಳಗಿನ ತಂತಿ, ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ಪರಮೇಶನ ಕೈಯಲ್ಲಿ, ಸೀನು ಬಂದರೂ ನುಂಗಿಕೊಂಡು. ಹಿಂದಿನಿಂದ ಪರಮೇಶನ ದನಿ, ಬಂದ್ರೇನ್ರಿ ಮೇಡಮ್ಮಾರ, ಅಮ್ಮಾವ್ರು ಆರಾಮ ಅದಾರೇನ್ರಿ, ನೀವು ಇಲ್ಲದಾಗ ಗ್ಯಾಸ್ ಸೋರಾಕತ್ತಿತ್ರಿ, ದವಾಖಾನ್ಯಾಗ ಇದ್ದೋರಿಗೆ ಯಾಕ ತ್ರಾಸ ಅಂತ ಫೋನ್ ಮಾಡಲಿಲ್ರಿ, ಇಲ್ಲೇ ಬೇಲೂರು ಕಾರ್ಖಾನ್ಯಾಗಿನ ನಮ್ಮ ಮಾವನ ಕಡಿಂದ ಪೇಸ್ಟ್ ತಂದು ನಾನ ಹಚ್ಚೇನ್ರಿ, ಕರೆಂಟು ಚಾಲೂ ಇಟ್ಟೇನ್ರಿ, ಈಗ ಸಾಬೂನ ನೀರು ಹಚ್ಚಿದ್ರೂ ಒಂದು ಗುಳ್ಳಿನೂ ಇಲ್ಲ ನೋಡ್ರಿ. ಕಿಟಕಿ ಗಾಜಿಗೆ, ಬಚ್ಚಲ ಸಿಂಕಿಗೆ ಹಚ್ಚುವ ಪೇಸ್ಟ್, ಸಿಲಿಕೋನ್, ಅದೇ ಈ ಹುಳಿ, ಅದರ ಆವಿ ಗ್ಯಾಸಿನ ಜೊತೆ ಹೋಗಿ ಕರೆಂಟಿದ್ದ ಪ್ರತಿಯೊಂದು ತಂತಿಗೂ ಅಂಟಿ ಗಟ್ಟಿಯಾಗುತ್ತದೆ, ಅದಕ್ಕೇ ಮಿಡಿತ ಗಿಡ್ಡ, ಯಾವುದರಿಂದ ತೊಳೆದರೂ ಹೋಗುವುದಿಲ್ಲ, ಊಟ ಬೇಡ, ಎಣ್ಣೆ ಬೇಡ, ಪೌಡರ್ ಬೇಡ ಎಂದೆಲ್ಲ ಹೇಳಿದ್ದಳು, ಇದೊಂದನ್ನು ಹೇಳಲು ಯಾಕೆ ಹೊಳೆಯಲಿಲ್ಲ, ಹೊಸ ತಂತಿ ಇಲ್ಲ, ಸೋಮವಾರ ಇದೆ, ಅವನು ಕೈ ಒರೆಸಿಕೊಳ್ಳುತ್ತ ನಗುತ್ತ ನಿಂತಿದ್ದಾನೆ, ಛಲೋ ಮಾಡೀರಿ ಪರಮೇಶ, ಅಂದದ್ದು ತಾನೇ, ಹೇಗೆ ಅಂದಳೋ, ಅವನ ಮುಖ ಇನ್ನಷ್ಟು ಅರಳಿತು, ಮಿಡಿತ ಇನ್ನಷ್ಟು ಗಿಡ್ಡವಾಯಿತು, ಅವ್ವ ಕೇಳುತ್ತಾಳೆ, ಸಂಜೆ ಹೋದರೆ ಮೊದಲು ಡಬ್ಬಿ ಹ್ಯಾಂಗದ ಅಂತಲೇ ಕೇಳುತ್ತಾಳೆ, ಮೂಲೆಯಲ್ಲಿ ಆ ಬಿಳುಪು, ಎಷ್ಟು ನೀಟಾಗಿ ಹಚ್ಚಿದ್ದಾನೆ, ಎಲ್ಲಿಯೂ ಹೊರಗೆ ಹೋಗಿಲ್ಲ, ತುದಿಯಲ್ಲಿ ಮಾತ್ರ, ಚೆನ್ನಾಗಿ ಕೂರಲೆಂದು ಒತ್ತಿ ಹಿಡಿದದ್ದು, ಅವನ ಹೆಬ್ಬೆಟ್ಟಿನ ಗುರುತು, ಒಂದೊಂದು ಗೆರೆಯೂ ಕಾಣುವಂತೆ, ಹೆಬ್ಬೆಟ್ಟಿನ ಗುರುತು