ಉಳಿದರ್ಧ ಏಪ್ರಿಲ್‌ನಲ್ಲಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಪಿಕಪ್ ಗಾಡಿಯ ನಾಲ್ಕೂ ಚಕ್ರ ಈಗಲೇ ಠುಸ್ಸೆನ್ನಲಿ. ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ. ಅದರಲ್ಲಿ ಒಂದಿಷ್ಟು ನಾನೇ ಮಾಡಿದ್ದು.

"ಏಯ್ ಬೋಡುಬಾಯಿ, ಬಾಯ್ ಮುಚ್ಚೇ! ನೊಣ ಒಳಕ್ಕೋಗಿ ಸಂಸಾರ ಹೂಡ್ತವೆ!"

ಹಾಗೆಂದವನು ಹಣ್ಣಿನ ಹೂರಣದ ಕಡುಬು, ಅದೇ ಪೈ, ಮಾಡುವ ನಮ್ಮ ಕಾರ್ಖಾನೆಯ ಫೋರ್‌ಮನ್ ಪ್ರೂಯಿಟ್. ಅನ್ನಿಸಿಕೊಂಡವಳು ವರ್ಲೀನ್. ಇಡೀ ಓಹಾಯೊದಲ್ಲಿ ಅವಳಷ್ಟು ತೆಳ್ಳಗೆ ಕಣಕ ಲಟ್ಟಿಸುವವರಿಲ್ಲ. ಅವಳ ಕಣಕವನ್ನು ಪೇಪರಿನ ಮೇಲೆ ಹಾಸಿದರೆ ಆ ಪುಟ ಓದಬಹುದು, ಸ್ವಲ್ಪ ಕಣ್ಣು ಕಿರಿದು ಮಾಡಿದರೆ ಅದರಾಚೆಯ ಪುಟವನ್ನೂ ಓದಬಹುದು. ಆದರೆ ಅವಳ ಬಾಯಲ್ಲಿ ಒಂದೂ ಹಲ್ಲಿಲ್ಲ. ತಾನೇ ಲಟ್ಟಿಸಿದ ಪೈಯ ಗರಿಗರಿ ಅಂಚನ್ನು ಕಚ್ಚಿ ಎಷ್ಟೋ ವರ್ಷವಾಗಿತ್ತು. ಪೇಟೆಯ ಹಲ್ಲಿನ ಡಾಕ್ಟರ ಗಾಜಿನ ಬೀರುವಿನಲ್ಲಿ ಅವಳ ಅಳತೆಯ ಹಲ್ಲುಸೆಟ್ಟು ತಯಾರಾಗಿ ಕೂತಿತ್ತು. ದುಡ್ಡು ಕೈಗೆ ಬೀಳದೆ ಡಾಕ್ಟರು ಬೀಗ ತೆಗೆಯುವವನಲ್ಲ. ಇವಳು ಆಗಾಗ ಹೋಗಿ ಗಾಜಿನಾಚೆಯಿಂದ ನೋಡಿ ಬರುತ್ತಿದ್ದಳು, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಿಬಂದ ಹಾಗೆ.

"ಈ ಸಲಾನೂ ನನ್ನ ನೋಡಿ ನಕ್ಕವು ಕಣಣ್ಣ" ಎನ್ನುತ್ತಿದ್ದಳು.

ಇಂತಿರುವಾಗ ಪ್ರೂಯಿಟ್ ಒಂದು ದಿನ ಹಿಟ್ಟಿನ ಮೂಟೆ ಹತ್ತಿ ನಿಂತ.

"ಕೇಳ್ರಪ್ಪೋ! ಇನ್ಮ್ಯಾಕೆ ಓಟಿಗೆ, ಅದೇ ಹೆಚ್ಗೆ ಹೊತ್ತು ದುಡಿಯೋ ದುಡ್ಡಿಗೆ, ಟ್ಯಾಕ್ಸಿಲ್ಲ! ಸರ್ಕಾರ್ದೋರೇ ಹೇಳವ್ರೆ. ಸನಿವಾರಾನೂ ಬರ್ರಿ, ಬಾಚ್ಕೊಂಡೋಗ್ರಿ!"

ಹೂರಣ ಸುರಿಯುವ ಎವುಸೇಬಿಯೊ ಗ್ವಾಟೆಮಾಲಾದವನು, ಯಾವುದನ್ನೂ ಬೇಗ ನಂಬುವವನಲ್ಲ. "ನಿಜ್ವಾಗ್ಲೂ ಸಾಹೇಬ್ರೆ?" ಅಂದ.

"ನಿನ್ ಮಕಕ್ಕೆ ಸುಳ್ಳು ಬೇರೆ ದಂಡ ಮಾಡ್ಲಾ? ಸುರಿಯೋ ಮುಚ್ಕಂಡು!"

ದುಡಿದೆವು ನೋಡಿ. ಎವುಸೇಬಿಯೊ ಪೀಚ್ ಹಣ್ಣಿನ ಹೂರಣ ಎಷ್ಟು ಸುರಿದನೆಂದರೆ, ಜೇನುಹುಳಗಳು ಅವನ ಹಿಂದೆಯೇ ಬಸ್ಸು ಹತ್ತಿ ಮನೆಗೆ ಬಂದು, ಅವನ ಟೋಪಿಯಲ್ಲೇ ಗೂಡು ಕಟ್ಟಿದವು. ನನ್ನ ಕೆಲಸ ಪೈಯ ಅಂಚು ಒತ್ತುವುದು. ಮಲಗಿದರೂ ಬೆರಳು ನಿಲ್ಲದೆ, ಬೆಳಗ್ಗೆ ಎದ್ದರೆ ಹೆಂಡತಿಯ ಕಂಬಳಿಯ ಸುತ್ತ ನೆರಿಗೆ! ವರ್ಲೀನ್ ಮಾತ್ರ ಲಟ್ಟಿಸುತ್ತಲೇ ಇದ್ದಳು. ಈ ಸಂಬಳಕ್ಕೆ ಎರಡೂ ಸಾಲು ಹಲ್ಲು ಮನೆಗೆ ಬರುತ್ತವೆಂದು ಊರಿಗೆಲ್ಲ ಹೇಳಿಬಿಟ್ಟಿದ್ದಳು.

ಸಂಬಳ ಬಂತು. ಟ್ಯಾಕ್ಸೂ ಬಂದಿತ್ತು. ಹಿಂದೆಂದೂ ಮುರಿಯದಷ್ಟು ಮುರಿದುಕೊಂಡಿದ್ದರು.

ವರ್ಲೀನ್ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಆಫೀಸಿಗೆ ನುಗ್ಗಿದಳು. ಹಿಂದೆ ನಾನು, ಎವುಸೇಬಿಯೊ.

"ಟ್ಯಾಕ್ಸಿಲ್ಲ ಅಂದ್ರಲ್ಲ ಸ್ವಾಮೀ?"

"ಐತೆ, ಇಲ್ಲ" ಅಂದ ಪ್ರೂಯಿಟ್, ಕಾಲು ಮೇಜಿನ ಮೇಲಿಟ್ಟು. "ಓಟಿಗೆ ಒಂದೂವರೆ ಕೂಲಿ ಕೊಡ್ತೀವಲ್ಲ, ಅದ್ರಾಗೆ ಒಂದಕ್ಕೆ ಐತೆ. ಅರ್ಧಕ್ಕೆ ಮಾಫಿ."

"ಆ ಅರ್ಧನಾರ ಕೊಡಿ ಮತ್ತೆ."

"ಈಗೆಲ್ಲೇ? ಈಗ ಎಲ್ಲಾ ಹಿಡಿಯೋದೇಯ. ಏಪ್ರಿಲ್‌ನಾಗೆ ಟ್ಯಾಕ್ಸ್ ಫಾರಂ ತುಂಬ್ತೀಯಲ್ಲ, ಆಗ ಕೇಳ್ಕೋ. ಬಂದ್ರೆ ಬತ್ತದೆ."

"ಈಸೊಂದು ಯಾಕೆ ಮುರ್ಕಂಡ್ರಿ? ಯಾವತ್ತೂ ಇಲ್ದಿದ್ದು?"

"ಚೆಕ್ಕು ದಪ್ಪ ಆಯ್ತಲ್ಲ, ನೀನು ವರ್ಸೆಲ್ಲಾ ಹಿಂಗೇ ದುಡೀತೀಯ ಅಂತ ಕಂಪ್ಯೂಟ್ರು ತಿಳ್ಕಂಡೈತೆ. ನೀನು ಸಾವ್ಕಾರ್ತಿ ಅಂತ."

"ನಾ ಸಾವ್ಕಾರ್ತಿನಾ?" ವರ್ಲೀನ್ ಬಾಯನ್ನು ಬಾವಿಯಷ್ಟು ಅಗಲ ತೆರೆದು ಮೇಜಿನ ಕಂಪ್ಯೂಟರಿಗೇ ತೋರಿಸಿದಳು. "ನೋಡಪ್ಪಾ! ಒಳಗ್ ಬಂದು ಹುಡುಕ್ಕೋ, ಎಲ್ಲಿಟ್ಟಿವ್ನಿ ಅಂತ!"

"ನಡಿಯೇ ಆಚೆ, ಗಬ್ಬು ಮುಂಡೇದೆ! ಹಲ್ಲಿಲ್ದಿದ್ರೇ ಇಷ್ಟು ಬಾಯಿ, ಇದ್ದಿದ್ರೆ ಕಾರ್ಖಾನೇನೇ ನುಂಗ್ತಿದ್ದೆ."

ಅವಳು ಅಳಲಿಲ್ಲ. ಆ ಶನಿವಾರ ಓಟಿಗೆ ಎಲ್ಲರಿಗಿಂತ ಮೊದಲು ಬಂದಳು. ಒಂದೊಂದು ಪೈಯ ನಟ್ಟನಡುವೆಯೂ ಕಣಕದಿಂದ ಪುಟ್ಟ ಗೋಡೆ ಕಟ್ಟಿದಳು.

"ಎವುಸೇಬಿಯೊ, ಗೋಡೆ ಈಚೆಗ್ ಮಾತ್ರ ಸುರಿ ಮಗಾ."

"ಆಚೇಗಕ್ಕ?"

"ಆಚೇಗೆ ಏಪ್ರಿಲ್‌ನಾಗೆ ಸುರಿಯೋವಂತೆ."

ಎವುಸೇಬಿಯೊ ಎಷ್ಟು ನಕ್ಕನೆಂದರೆ ಟೋಪಿಯೊಳಗಿನ ಜೇನುಹುಳಗಳು ಗಾಬರಿಯಾಗಿ ಹಾರಿಹೋದವು. ಅವಳು ಮುಚ್ಚಳ ಹೊದಿಸಿದಳು, ನಾನು ಅಂಚು ಒತ್ತಿದೆ. ಹೊರಗಿನಿಂದ ನೋಡಿದರೆ ಹುಣ್ಣಿಮೆ, ಒಳಗೆ ಅಷ್ಟಮಿ. ತೂಕದವನು ಹಿಡಿಯುತ್ತಿದ್ದನೇನೋ, ಆದರೆ ಅವನಿಗೂ ಓಟಿ ಕೊಡಬೇಕಾಗುತ್ತದೆಂದು ಪ್ರೂಯಿಟ್ ಅವನನ್ನು ಶನಿವಾರ ಕರೆಸುತ್ತಲೇ ಇರಲಿಲ್ಲ. ಲಾರಿಗಳು ತುಂಬಿಕೊಂಡು ಹೋದವು. ಡ್ರೈವರು ಸೀನಿದ್ದಕ್ಕೆ ಒಂದು ಲಾರಿ ನೆಲ ಬಿಟ್ಟು ತೇಲಿತಂತೆ, ಅಷ್ಟು ಹಗುರ.

ಸೋಮವಾರ ಕಾರ್ಖಾನೆಯ ಧಣಿ ಗ್ರೇಬಿಲ್ ಒಂದು ಪೈ ಹಿಡಿದು ಬಂದ. ಮುಖ ಹೂರಣಕ್ಕಿಂತ ಕೆಂಪಗೆ ಕುದಿಯುತ್ತಿತ್ತು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ನಡುವೆ ಚಾಕು ಹಾಕಿದ. ಈಚೆ ಪೀಚ್, ಆಚೆ ಬಯಲು.

"ಉಳಿದರ್ಧ ಎಲ್ರೋ, ಕಳ್ ನನ್ಮಕ್ಳಾ?"

"ಏಪ್ರಿಲ್‌ನಾಗೆ ಬತ್ತದೆ ಧಣೀ" ಅಂದಳು ವರ್ಲೀನ್. "ಫಾರಂ ತುಂಬ್ಕೊಡಿ."

ಸಾಲಿನ ಆ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ಹಿಡಿಯಿತು ನೋಡಿ ನಗು, ಒಲೆಗಳು ಆರಿಹೋದವು, ಛಾವಣಿಯ ತಗಡು ಎರಡು ಮೊಳ ಮೇಲೆದ್ದು ಕೂತಿತು.

"ಯಾರು ಮಾಡಿದ್ದು?"

"ನಾನು" ಅಂದಳು ಅವಳು. "ನಾನು" ಅಂದ ಎವುಸೇಬಿಯೊ. ನಾನೂ ಅಂದೆ. ಅಂದು ರಜೆಯಲ್ಲಿದ್ದವರೂ ಅಂದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ತಲೆಯ ಮೇಲಿತ್ತು, ಎಲ್ಲರನ್ನೂ ಓಡಿಸಿದರೆ ಪೈ ಮಾಡುವವರಾರು? ಧಣಿ ಲೆಕ್ಕ ಹಾಕಿ ವರ್ಲೀನ್ ಒಬ್ಬಳನ್ನೇ ಓಡಿಸಿದ.

ಕೊನೆಯ ಸಂಬಳದಲ್ಲೂ ಮುರಿದುಕೊಂಡೇ ಕೊಟ್ಟರು. ಉಳಿದದ್ದಕ್ಕೆ ಡಾಕ್ಟರು ಮೇಲಿನ ಸಾಲು ಮಾತ್ರ ಕೊಟ್ಟ.

ಮುಂದಿನ ಶನಿವಾರ ನಾವು ಯಾರೂ ಒಳಗೆ ಹೋಗಲಿಲ್ಲ, ವರ್ಲೀನಳ ಜೊತೆ ಗೇಟಿನಲ್ಲೇ ಕೂತೆವು. ಪ್ರೂಯಿಟ್ ಒಬ್ಬನೇ ಮಿಷನ್ ಚಾಲೂ ಮಾಡಿ, ತಾನೇ ಲಟ್ಟಿಸಿ, ತಾನೇ ಸುರಿಯಲು ಓಡಾಡುತ್ತಿದ್ದ. ಮಿಷನ್ ಅವನ ಕೈ ಮೀರಿ, ಕಿಟಕಿಯಿಂದ ಪೈಗಳು ಬಾತುಕೋಳಿಗಳಂತೆ ಹಾರಿ ಬರುತ್ತಿದ್ದವು. ಒಂದು ನೇರ ವರ್ಲೀನಳ ಮಡಿಲಿಗೆ ಬಿತ್ತು. ಎತ್ತಿ ಬಾಯಿಗಿಟ್ಟಳು. ಮೇಲಿನ ಸಾಲು ಅಂಚಿಗೆ ಊರಿತು, ಕೆಳಗಿನಿಂದ ಆನಿಸಲು ಏನೂ ಇಲ್ಲ. ಹಾಗೇ ಕಚ್ಚಿ ಹಿಡಿದು ಗೇಟಿನಲ್ಲಿ ನಿಂತಳು, ಬಿಡಲೇ ಇಲ್ಲ.

ಕೆಳಗಿನ ಸಾಲು ಈಗಲೂ ಬೀರುವಿನಲ್ಲಿದೆ. ನೀವು ಎರಡೂ ಸಾಲು ಬಿಟ್ಟುಕೊಂಡು ನಕ್ಕಿದ್ದನ್ನು ನಾನು ಇಲ್ಲಿಂದಲೇ ನೋಡಿದೆ. ಆ ಸಾಲು ಬಿಡಿಸಲು ಚಂದಾ ಎತ್ತೋಣ, ಟೋಪಿ ನಿಮ್ಮಿಂದಲೇ ಶುರುವಾಗಲಿ. ಚಿಲ್ಲರೆ ಬೇಡ, ಸದ್ದಾಗುತ್ತದೆ.