ಹದಿನೇಳನೆಯ ಗುಂಡಿ

ಅಣ್ಣನ ಬಾಯಿಗೆ ಬೀಗ ಹಾಕುವವರು ಹುಟ್ಟೇ ಇಲ್ಲವೆಂದು ಮನೆಯವರೆಲ್ಲ ನಂಬಿದ್ದರು. ಗಂಟಲಿನ ಕ್ಯಾನ್ಸರ್ ಆ ಕೆಲಸ ಮಾಡಿತು. ಪ್ರಯಾಣಿಕರ ಒಂದು ಮಾತಿಗೆ ಎರಡು ಮಾತು ತಿರುಗಿಸಿಕೊಡುತ್ತ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರಿಕೆ ಮಾಡಿದವನು ಅವನು. ಆಪರೇಷನ್ನಿಗೆ ಮುಂಚೆ ತಂಗಿ ತನ್ನ ಕಂಪನಿಯಲ್ಲಿ ತಯಾರಾಗುತ್ತಿದ್ದ ಮಾತಿನ ಪೆಟ್ಟಿಗೆಯೊಂದನ್ನು ತಂದು ಮುಂದಿಟ್ಟಳು. ಅಂಗೈಯಗಲದ್ದು, ಮೂವತ್ತೆರಡು ಗುಂಡಿ. ಒಂದೊಂದಕ್ಕೂ ಅವನ ದನಿಯಲ್ಲೇ ಒಂದೊಂದು ಮಾತು ತುಂಬಿಸಿದಳು. ಪುಣ್ಯಾತ್ಮ "ಚಿಲ್ಲರೆ ಕೊಡಿ" ಅನ್ನುವುದನ್ನೂ ಬಿಡಲಿಲ್ಲ.

ಪೆಟ್ಟಿಗೆಯೊಳಗೆ ಆ ಮಾತುಗಳನ್ನು ಹಿಡಿದಿಡುವ ಫ್ಲ್ಯಾಶ್ ಮೆಮೊರಿ ಚಿಪ್ಪಿಗೆ ಡ್ರೈವರ್, ಅಂದರೆ ಅದನ್ನು ಓದಿಸುವ ಪ್ರೋಗ್ರಾಂ, ಬರೆದವಳು ಅವಳೇ. ಇಂಥ ಚಿಪ್ಪಿನಲ್ಲಿ ಕಾಲ ಕಳೆದಂತೆ ಅಲ್ಲೊಂದು ಇಲ್ಲೊಂದು ಬಿಟ್ ಕೆಡುತ್ತದೆ. ಸೊನ್ನೆಯಿದ್ದದ್ದು ಒಂದಾಗುತ್ತದೆ, ಒಂದಿದ್ದದ್ದು ಸೊನ್ನೆಯಾಗುತ್ತದೆ. ಓದುವಾಗ ಡ್ರೈವರ್ ಅದನ್ನು ಹುಡುಕಿ ತಿದ್ದುತ್ತದೆ. ಮೆಮೊರಿಯ ಒಂದೊಂದು ತುಣುಕಿನಲ್ಲಿ ಎಷ್ಟು ತಪ್ಪಿನವರೆಗೆ ತಿದ್ದಬೇಕೆಂದು ಮೊದಲೇ ಹೊಂದಿಸಿಡಬೇಕು. ಚಿಪ್ ಮಾಡಿದವರು ಎಂಟು ಎಂದಿದ್ದರು. ಎಂಟಿಟ್ಟರೆ ಗುಂಡಿ ಒತ್ತಿದ ಮೇಲೆ ದನಿ ಬರಲು ತುಸು ಕಾಯಬೇಕಿತ್ತು.

"ಇಷ್ಟು ಹೊತ್ತು ಕಾದ್ರೆ ಎದುರಿನವನು ಬಸ್ ಇಳಿದು ಹೋಗಿರ್ತಾನೆ ಕಣೇ," ಎಂದ ಅಣ್ಣ. ಆಗಿನ್ನೂ ಅವನಿಗೆ ದನಿಯಿತ್ತು. "ಪಟ್ ಅಂತ ಬರ್ಬೇಕು."

ಅವನ ಪೆಟ್ಟಿಗೆಗೆ ಮಾತ್ರ ಅವಳು ನಾಲ್ಕಿಟ್ಟಳು. ಮಾತು ಪಟ್ಟನೆ ಬಂತು. ಅಣ್ಣ ಖುಷಿಯಿಂದ ಎಲ್ಲ ಗುಂಡಿಗಳನ್ನೂ ಒತ್ತಿ ಒತ್ತಿ ನೋಡಿದ.

ಆರು ವರ್ಷದ ಮೇಲೆ ಗುಂಡಿಗಳು ಒಂದೊಂದಾಗಿ ಮೂಕವಾದವು. ಮೊದಲು "ನೀರು ಬೇಕು", ಆಮೇಲೆ "ಹೋಗಯ್ಯ ಸಾಕು". ಒತ್ತಿದರೆ ಬೀಪ್ ಅನ್ನುವ ಸದ್ದಷ್ಟೇ. ಅಣ್ಣ ಚೀಟಿಯಲ್ಲಿ ಬರೆದುಕೊಟ್ಟ: "ಚಿಲ್ಲರೆಯೂ ಹೋಯ್ತು."

ಶನಿವಾರ ಬೆಳಿಗ್ಗೆ ಆಫೀಸಿನಲ್ಲಿ ಅವಳು ಅವನ ಪೆಟ್ಟಿಗೆ ಬಿಚ್ಚಿ ಕೂತಳು. ತಪ್ಪು ನಾಲ್ಕನ್ನು ದಾಟಿದ್ದರಿಂದ ಡ್ರೈವರ್ ಕೈಚೆಲ್ಲಿತ್ತು. ಈಗ ಎಂಟು ಮಾಡಿ ಪ್ರಯೋಜನವಿರಲಿಲ್ಲ. ಎಂಟು ತಪ್ಪು ತಿದ್ದಲು ಬೇಕಾದ ಗುರುತುಗಳನ್ನು ದನಿ ತುಂಬಿಸುವಾಗಲೇ ಬರೆದಿಡಬೇಕಿತ್ತು. ತಿದ್ದುವುದನ್ನೇ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಓದಿಸಿದಳು. ಕೆಲವು ಮಾತು ಗರಗರ ಸದ್ದಿನ ನಡುವೆ ಕೇಳಿದವು. ಹನ್ನೊಂದು ಮಾತು ಉಳಿಯಲೇ ಇಲ್ಲ. ಅಣ್ಣನ ದನಿ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ.

ಹೋದವೆಲ್ಲ ಹದಿನೇಳರ ಅಕ್ಕಪಕ್ಕದವು. ಹದಿನೇಳು ಮಾತ್ರ ಗಟ್ಟಿಯಾಗಿತ್ತು. ಅವಳಿಗೆ ಕಾರಣ ಗೊತ್ತು: ಒಂದೇ ಜಾಗವನ್ನು ಮತ್ತೆ ಮತ್ತೆ ಓದಿದರೆ ಅದರ ನೆರೆಹೊರೆಯವು ಕೆಡುತ್ತವೆ. ಎಷ್ಟು ಸಲ ಓದಿದೆ ಎಂಬ ಲೆಕ್ಕವೂ ಡ್ರೈವರಿನಲ್ಲಿತ್ತು. ತೆಗೆದು ನೋಡಿದಳು. ನಲವತ್ತೊಂದು ಸಾವಿರದ ಇನ್ನೂರ ಎಂಟು. ದಿನಕ್ಕೆ ಹತ್ತೊಂಬತ್ತರಂತೆ.

ಹದಿನೇಳರಲ್ಲಿದ್ದ ಮಾತು: "ಯಾರು, ಚುಕ್ಕಿನಾ?"

ಚುಕ್ಕಿ ಅಂದರೆ ಅವಳೇ. ಅವನ ಮನೆ ಬಾಗಿಲು ಲಿಫ್ಟಿನ ಎದುರಿಗೇ ಇತ್ತು. ಅವಳು ಹೋಗುತ್ತಿದ್ದದ್ದು ಭಾನುವಾರ ಮಾತ್ರ, ಅದೂ ಪುರುಸೊತ್ತಾದರೆ. ಲಿಫ್ಟ್ ನಿಂತಾಗಲೆಲ್ಲ ಅವಳೇ ಬಂದಳೇನೋ ಎಂದು ಅವನು ಹದಿನೇಳನ್ನು ಒತ್ತಿ ಕಾದಿದ್ದಾನೆ. ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಹೊಸ ಚಿಪ್ಪಿನ ಪೆಟ್ಟಿಗೆ ತಂದಳು. ಉಳಿದ ಇಪ್ಪತ್ತೊಂದು ಮಾತುಗಳಿದ್ದವು. ಈ ಸಲ ಎಂಟಿಟ್ಟಿದ್ದಳು.

"ಅಣ್ಣ, ತಪ್ಪು ನಂದೇ. ಎಂಟು ಇಡ್ಬೇಕು ಅಂತ ಗೊತ್ತಿತ್ತು ನಂಗೆ. ಹನ್ನೊಂದು ಮಾತು ಹೋಯ್ತು, ಇನ್ನು ಬರಲ್ಲ."

ಅಣ್ಣ ಚೀಟಿ ಎಳೆದುಕೊಂಡು ಬರೆದ: "ಪಟ್ ಅಂತ ಬೇಕು ಅಂದಿದ್ದು ನಾನು ತಾನೇ."

"ಹದಿನೇಳನ್ನ ಎಷ್ಟು ಸಲ ಒತ್ತಿದೀಯ ಅಂತ ನೋಡ್ದೆ ಅಣ್ಣ."

ಕದ್ದು ಸಿಕ್ಕಿಬಿದ್ದವನಂತೆ ಅವನು ಮುಖ ತಿರುಗಿಸಿಕೊಂಡ. ಆಮೇಲೆ, ಅವಳು ಎದುರಿಗೇ ಕೂತಿದ್ದರೂ, ಹೊಸ ಪೆಟ್ಟಿಗೆಯ ಹದಿನೇಳನ್ನು ಒತ್ತಿದ. ದನಿ ತಡವಾಗಿ ಬಂತು. ಇಬ್ಬರೂ ಕಾದರು.

"ಯಾರು, ಚುಕ್ಕಿನಾ?"

"ಹೂಂ ಅಣ್ಣ, ನಾನೇ," ಎಂದಳು.

ಅವನು ಮತ್ತೆ ಒತ್ತಿದ.